ಸಿಕ್ಕು, ಜಡೆ, ಹೆರಳು: ಗುಂಗುರು ಕೂದಲಿನ ಗಂಟುಗಳ ವಿಚಾರ

ಶಿವಮೊಗ್ಗೆಯ ಸೀಮೆಯ ಶಾಸನಗಳನ್ನು ರೈಸ್ ಮಹಾಶಯರು 1902 ಮತ್ತು 1904ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು. ಅವುಗಳನ್ನು ಓದಿದವರಿಗೆ ಒಂದು ವರ್ಣನಾಕ್ರಮವು ಚೆನ್ನಾಗಿ ಪರಿಚಿತವಾಗಿರುವುದು. ಮೊದಲು ಜಂಬೂದ್ವೀಪ, ಅದರ ತೆಂಕಣ ದೆಸೆಯಲ್ಲಿ ಭರತಕ್ಷೇತ್ರ, ಆ ಕ್ಷೇತ್ರದಲ್ಲಿ ಭೂಕಾಂತೆಯ ಮುಡಿಯೋ ಎಂಬಂತೆ ಕುಂತಳದೇಶ, ಆಮೇಲೆ ಬನವಾಸಿನಾಡು. ಕುಂತಳವೆಂದರೆ ನಾಡೂ ಅಹುದು, ಕೂದಲೂ ಅಹುದು; ಈ ಶ್ಲೇಷೆಯನ್ನು ಬಿಟ್ಟುಕೊಡಲು ಶಾಸನಕವಿಗಳಿಗೆ ಮನಸ್ಸು ಬಂದಂತಿಲ್ಲ. ಕಾವ್ಯಕವಿಗಳಾದರೂ ಹಿಂದೆ ಬಿದ್ದವರಲ್ಲ. ಕುರುಳು, ಮುಂಗುರುಳು, ಅಳಕ, ಕಬರಿ, ಧಮ್ಮಿಲ್ಲ, ಸೋರ್ಮುಡಿ ಎಂದು ಹೆಸರುಗಳನ್ನು ಕೂಡಿಸಿ, ದುಂಬಿಗಳ ಸಾಲಿಗೂ ಕಾರ್ಮುಗಿಲಿಗೂ ಹೋಲಿಸಿ, ಸುರುಳಿಗೂದಲನ್ನು ಸಾವಿರ ವರ್ಷ ಹೊಗಳಿದ್ದಾರೆ. ಆ ಕೂದಲಿನ ಸಿಕ್ಕನ್ನು ಯಾರು ಬಿಡಿಸಿದರು, ಹೇಗೆ ಬಿಡಿಸಿದರು ಎಂಬ ಪ್ರಶ್ನೆಗೆ ಮಾತ್ರ ಕಾವ್ಯಗಳು ಬಹುಮಟ್ಟಿಗೆ ಬಾಯಿಬಿಡುವುದಿಲ್ಲ.

ಪ್ರಕೃತ ಲೇಖನದ ವಿಷಯವು ಆ ಸಿಕ್ಕು. ಸಾಹಿತ್ಯವಿಷಯಗಳಿಗೆ ಮೀಸಲಾದ ಪತ್ರಿಕೆಯಲ್ಲಿ ಇದೇನು ಅಭ್ಯಂಜನದ ಮಾತು ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಕಾರಣಗಳು ಎರಡು. ಕೂದಲಿನ ಗಂಟಿಗೆ ಸಂಬಂಧಿಸಿದ ನಮ್ಮ ಮಾತುಗಳು ಅರ್ಥವಿಚಾರಕ್ಕೆ ಬಹಳ ಯೋಗ್ಯವಾದುವು, ಇದು ಮೊದಲನೆಯದು. ಈ ಮಾತುಗಳಲ್ಲಿ ಒಂದರ ಅರ್ಥವನ್ನು ಹೀಗೆ ತಿಳಿಯುವುದೋ ಹಾಗೆ ತಿಳಿಯುವುದೋ ಎಂಬುದರ ಮೇಲೆ ಕನ್ನಡನಾಡಿನಲ್ಲಿ ಎಷ್ಟೋ ಹೆಣ್ಣುಮಕ್ಕಳ ಬಾಳು ನಿಂತಿತ್ತು ಎಂಬುದು ಎರಡನೆಯದು.

ಮೊದಲು ‘ಸಿಕ್ಕು’. ಇದು ಅಚ್ಚ ದ್ರಾವಿಡಶಬ್ದ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸ ಆರಂಭಿಸಿದ ಮೇಲೆ ಅಲ್ಲಿಗೆ ತಮಿಳು, ತೆಲುಗು ಮಾತಾಡುವ ಕುಟುಂಬಗಳು ಬಹುಸಂಖ್ಯೆಯಲ್ಲಿ ಬಂದು ನೆಲಸಿದುವು. ಆ ಊರಿನ ಒಂದೇ ಬೀದಿಯಲ್ಲಿ ಮಗಳ ತಲೆ ಬಾಚುವ ಮೂವರು ತಾಯಂದಿರು ಮೂರು ಭಾಷೆಗಳಲ್ಲಿ ಗೊಣಗಿದರೂ, ಸಿಕ್ಕು, ಚಿಕ್ಕು ಎಂಬ ಒಂದೇ ಮಾತು ಕಿವಿಗೆ ಬೀಳುವುದು. ಕನ್ನಡದಲ್ಲಿ ಇದು ಕ್ರಿಯಾಪದವೂ ಅಹುದು, ನಾಮಪದವೂ ಅಹುದು. ಬೆಲೆಗೆ ಮೀನು ಸಿಕ್ಕುವುದು, ಕೈಗೆ ಹಣ ಸಿಕ್ಕುವುದು, ಕೂದಲಿನಲ್ಲಿ ಸಿಕ್ಕು ಬೀಳುವುದು. ಹಿಡಿತಕ್ಕೆ ಒಳಗಾಗುವುದು ಎಂಬುದೇ ಮೂಲಾರ್ಥ. ಕೂದಲಿನ ಸಿಕ್ಕಿನ ವಿಷಯದಲ್ಲಿ ಇದಕ್ಕಿಂತ ನಿಷ್ಕೃಷ್ಟವಾದ ವಿವರಣೆಯನ್ನು ವಿಜ್ಞಾನವೂ ಕೊಡಲಾರದೆಂಬುದು ಮುಂದೆ ತಿಳಿಯುವುದು. ‘ಗಂಟು’ ಬೇರೆ, ಗಂಟೆಂದರೆ ಎಳೆಯು ತನ್ನ ಕುಣಿಕೆಯೊಳಗೆ ತಾನೇ ನುಸುಳಿ ಬಿಗಿದುಕೊಂಡದ್ದು. ಸಿಕ್ಕಿನಲ್ಲಿ ಗಂಟಿರಲೇಬೇಕೆಂದಿಲ್ಲ, ಎಳೆಗಳು ಒಂದನ್ನೊಂದು ಹಿಡಿದಿದ್ದರೆ ಸಾಕು.

‘ಜಡೆ’ಯ ಕಥೆ ಇನ್ನೂ ಸ್ವಾರಸ್ಯವಾದುದು. ಸಂಸ್ಕೃತದ ‘ಜಟಾ’ ಎಂಬುದೇ ನಮ್ಮಲ್ಲಿ ಜಡೆಯಾಗಿದೆ. ಕಟಕವು ಕಡಗವಾದಂತೆ ಇಲ್ಲಿಯೂ ಟಕಾರಕ್ಕೆ ಡಕಾರ ಬಂದುದು ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣವನ್ನು ಪಾಠಹೇಳುವವರಿಗೆ ಹೊಸತಲ್ಲ. (ಸೊರಬ ತಾಲ್ಲೂಕಿನಲ್ಲಿ ಜಡೆಯೆಂಬ ಊರೇ ಇದೆ; ಸ್ಥಳನಾಮಗಳ ವಿಚಾರವು ಪ್ರತ್ಯೇಕವಾದುದರಿಂದ ಅದನ್ನು ಇಲ್ಲಿಗೆ ಎಳೆದು ತರುವುದು ಉಚಿತವಲ್ಲ.) ಸಂಸ್ಕೃತದಲ್ಲಿ ಜಟೆಯೆಂದರೆ ಬಾಚದೆ ಬಿಟ್ಟು, ಅಂಟಿಕೊಂಡು, ಹಗ್ಗದಂತಾದ ಕೂದಲು, ತಪಸ್ವಿಗಳ ಲಕ್ಷಣ. ಕನ್ನಡದಲ್ಲಿಯಾದರೋ ಶಿವನ ಜಡೆಯೂ ಜಡೆಯೇ, ಬಾಚಿ, ಎಣ್ಣೆ ಹಚ್ಚಿ, ಮೂರು ಕಾಲಾಗಿ ಹೆಣೆದು, ಮಲ್ಲಿಗೆ ಮುಡಿಸಿದ ಬಾಲೆಯ ಜಡೆಯೂ ಜಡೆಯೇ. ಅವ್ಯವಸ್ಥೆಯ ಪರಮಾವಧಿಗೂ ವ್ಯವಸ್ಥೆಯ ಪರಮಾವಧಿಗೂ ಒಂದೇ ಹೆಸರು! ನಾಮಪದವು ಹೀಗೆ ಎರಡನ್ನೂ ಒಂದುಮಾಡಿದರೂ ಕ್ರಿಯಾಪದಗಳು ಭೇದವನ್ನು ಕಾಪಾಡಿಕೊಂಡು ಬಂದಿವೆ. ಜಡೆ ‘ಹೆಣೆಯುವುದು’ ಎಂದರೆ ಅಲ್ಲಿ ಹೆಣೆಯುವವಳೊಬ್ಬಳು ಇದ್ದಾಳೆ. ಕೂದಲು ‘ಜಡೆಗಟ್ಟುವುದು’ ಎಂದರೆ ಅಲ್ಲಿ ಕರ್ತೃ ಕೂದಲೇ. ಯಾರೂ ಮಾಡಿದುದಲ್ಲ, ತಾನಾಗಿ ಆದುದು. ಮೂರನೆಯ ಪ್ರಯೋಗವೊಂದುಂಟು: ಜಡೆ ‘ಬಂತು’, ದೇವಿ ಜಡೆ ‘ಕೊಟ್ಟಳು’ ಎಂಬುದು. ಅಲ್ಲಿ ಕರ್ತೃಸ್ಥಾನಕ್ಕೆ ದೇವತೆಯೇ ಬಂದುನಿಂತಳು. ಈ ಮೂರನೆಯ ಪ್ರಯೋಗದ ವಿಚಾರವನ್ನು ಕೊನೆಯಲ್ಲಿ ಎತ್ತಿಕೊಳ್ಳುವೆವು.

ಹೆಣೆದ ಜಡೆಗೂ ಜಡೆಗಟ್ಟಿದ ಕೂದಲಿಗೂ ನಡುವಣ ಅವಸ್ಥೆಯೊಂದನ್ನು ಕಾವ್ಯಗಳು ಬಲ್ಲವು, ಅದೇ ಏಕವೇಣಿ. ಅಶೋಕವನದ ಸೀತೆ, ಮೇಘದೂತದ ಯಕ್ಷಪತ್ನಿ ಇಬ್ಬರೂ ಏಕವೇಣೀಧರೆಯರು. ಪತಿಯಿಂದ ಅಗಲಿದ ದಿನ ಹೆಣೆದುದನ್ನು ಬಿಚ್ಚದೆ, ಬಾಚದೆ, ಎಣ್ಣೆ ಸೋಕಿಸದೆ ಬಿಟ್ಟರೆ, ಅದು ದಿನದಿನಕ್ಕೆ ಗಡುಸಾಗಿ ಉಬ್ಬುತಗ್ಗಾಗುವುದು. ಕಾಳಿದಾಸನು ಈ ಗಡುಸನ್ನು ಗಮನಿಸಿಯೇ ಹೇಳಿದ್ದಾನೆ. ಸಿಕ್ಕಿನ ವಿಷಯದಲ್ಲಿ ಕಾವ್ಯಗಳು ಮೌನವೆಂದು ಮೇಲೆ ಹೇಳಿದುದಕ್ಕೆ ಇದು ಉತ್ತಮವಾದ ಅಪವಾದ. ಪಂಪ ರನ್ನರಲ್ಲಿ ಭೀಮನ ಪ್ರತಿಜ್ಞೆ ನೆರವೇರಿ ದ್ರೌಪದಿಯ ಬಿಟ್ಟಮುಡಿಯು ಮತ್ತೆ ಕಟ್ಟಲ್ಪಡುವ ಸನ್ನಿವೇಶವನ್ನು ತರಗತಿಯಲ್ಲಿ ವಿವರಿಸುವಾಗ, ಅಷ್ಟು ವರ್ಷ ಕಟ್ಟದೆ ಬಿಟ್ಟ ಕೂದಲು ಯಾವ ಸ್ಥಿತಿಯಲ್ಲಿದ್ದೀತೆಂದು ವಿದ್ಯಾರ್ಥಿನಿಯರಲ್ಲಿ ಯಾರಾದರೂ ಕೇಳಿದರೆ ಉಪಾಧ್ಯಾಯರು ನಗಬೇಕಾಗಿಲ್ಲ; ಅದು ನ್ಯಾಯವಾದ ಪ್ರಶ್ನೆ.

ಇನ್ನು ಸಿಕ್ಕು ಏಕೆ ಬೀಳುವುದೆಂಬ ವಿಚಾರ. ಕೂದಲಿನ ಎಳೆಯು ಕೆರಾಟಿನ್ ಎಂಬ ದ್ರವ್ಯದಿಂದಾದುದು; ಉಗುರೂ ಕೊಂಬೂ ಕುರಿಯ ಉಣ್ಣೆಯೂ ಅದರಿಂದಾದುವೇ. ಎಳೆಯ ಮೇಲ್ಭಾಗವು ನುಣುಪೆಂದು ಕಾಣುವುದಾದರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಲೆನಾಡಿನ ಮನೆಯ ಮಾಡಿನಂತಿದೆ. ನಾಡಹೆಂಚುಗಳನ್ನು ಒಂದರ ಮೇಲೊಂದು ಅಂಚು ಬರುವಂತೆ ಹೊದಿಸಿರುವಂತೆ, ಸಣ್ಣ ಶಲ್ಕಗಳು ಬುಡದಿಂದ ತುದಿಯ ಕಡೆಗೆ ಮುಖಮಾಡಿ ಒಂದನ್ನೊಂದು ಹೊದ್ದಿವೆ. ಬುಡದಿಂದ ತುದಿಗೆ ಕೈಯಾಡಿಸಿದರೆ ಜಾರುವುದು. ತುದಿಯಿಂದ ಬುಡಕ್ಕೆ ಸವರಿದರೆ ಒರಟಾಗಿ ತಡೆಯುವುದು. ಇದು ಎಲ್ಲ ಕೂದಲಿಗೂ ಸಮಾನ. ಗುಂಗುರು ಕೂದಲಿನ ವಿಶೇಷವೇನೆಂದರೆ, ಅದು ಹುಟ್ಟುವ ರಂಧ್ರವೇ ಚರ್ಮದೊಳಗೆ ಬಾಗಿದೆ. ಎಳೆಯ ಅಡ್ಡಕೊಯ್ತವು ದುಂಡಗಿರದೆ ಚಪ್ಪಟೆಯಾದ ಅಂಡಾಕಾರವಾಗಿದೆ. ಆದ್ದರಿಂದ ಎಳೆಯು ಹೊರಬರುವಾಗಲೇ ಬಳ್ಳಿಯ ಕುಡಿಯಂತೆ ಸುತ್ತಿಕೊಂಡು ಬರುತ್ತದೆ. ನೆತ್ತಿಯ ಚರ್ಮದಿಂದ ಒಸರುವ ಜಿಡ್ಡು ನೆಟ್ಟನೆಯ ಕೂದಲಿನಲ್ಲಿ ಸುಲಭವಾಗಿ ಕೆಳಗಿಳಿಯುತ್ತದೆ. ಸುರುಳಿಯಲ್ಲಿ ಪ್ರತಿಯೊಂದು ತಿರುವಿನಲ್ಲಿಯೂ ನಿಂತು, ತುದಿಯನ್ನು ಮುಟ್ಟುವುದೇ ಇಲ್ಲ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುವುದು. ಆ ಲೆಕ್ಕದಲ್ಲಿ ಎರಡಡಿ ಉದ್ದದ ಹೆರಳಿನ ತುದಿಗೆ ನಾಲ್ಕೈದು ವರ್ಷ ವಯಸ್ಸು. ಅಷ್ಟು ಕಾಲ ಬಿಸಿಲು, ಧೂಳು, ಹಣಿಗೆಗಳಿಂದ ಸವೆದು, ಜಿಡ್ಡಿಲ್ಲದೆ ಒಣಗಿದ ತುದಿಯಲ್ಲಿಯೇ ಸಿಕ್ಕು ಮೊದಲು ಬೀಳುವುದು ಸಹಜ.

ಮತ್ತೊಂದು ಸಂಗತಿಯನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆರೋಗ್ಯವಂತರ ತಲೆಯಿಂದಲೂ ದಿನವೊಂದಕ್ಕೆ ಐವತ್ತರಿಂದ ನೂರು ಕೂದಲು ಉದುರುವುವು. ನೆಟ್ಟನೆಯ ಕೂದಲಾದರೆ ಜಾರಿ ನೆಲಕ್ಕೆ ಬೀಳುವುದು. ಸುರುಳಿಯಲ್ಲಿ ಉದುರಿದ ಎಳೆಯು ನೆರೆಯ ಸುರುಳಿಗಳಲ್ಲಿ ತೊಡರಿಕೊಂಡು ಅಲ್ಲಿಯೇ ಉಳಿಯುವುದು. ನಾಲ್ಕು ದಿನ ಹೆರಳನ್ನು ಬಿಚ್ಚದಿದ್ದರೆ ಬುಡವಿಲ್ಲದ ನೂರಾರು ಎಳೆಗಳು, ಎತ್ತಲಾದರೂ ತಿರುಗಬಲ್ಲವು, ಬುಡವಿರುವ ಎಳೆಗಳನ್ನು ಸುತ್ತಿ ಕಟ್ಟುವುವು. ಗುಂಗುರು ಕೂದಲಿನವರು ಬಾಚಿದಾಗ ಕೈತುಂಬ ಕೂದಲು ಬರುವುದನ್ನು ಕಂಡು ಹೆದರುವುದುಂಟು. ಅದರಲ್ಲಿ ಬಹುಪಾಲು ಅಂದು ಉದುರಿದುದಲ್ಲ, ಹಿಂದೆಯೇ ಉದುರಿ ಸೆರೆಯಲ್ಲಿದ್ದುದು.

ಹಾಗಾದರೆ ಗುಂಗುರು ಕೂದಲಿಗೇ ಹೆಚ್ಚು ಸಿಕ್ಕು ಎಂದು ತೀರ್ಮಾನಿಸಬಹುದೇ? ಇಲ್ಲೊಂದು ಸೋಜಿಗವಿದೆ. ಮಾಸೋನ್ ಎಂಬ ಫ್ರಾನ್ಸಿನ ಭೌತವಿಜ್ಞಾನಿಯು ಕ್ಷೌರಿಕರಿಂದ ಸಾಯಂಕಾಲದ ಹೊತ್ತು ಜನರ ತಲೆಯ ಸಿಕ್ಕುಗಳನ್ನು ಎಣಿಸಿ, 2007ರಲ್ಲಿ ಫಲವನ್ನು ಪ್ರಕಟಿಸಿದನು. ನೆಟ್ಟನೆಯ ಕೂದಲಿನ ತಲೆಗೆ ಸರಾಸರಿ 5.3 ಸಿಕ್ಕು; ಗುಂಗುರು ತಲೆಗೆ 2.9. ನೆಟ್ಟನೆಯ ಎಳೆಗಳು ಒಂದನ್ನೊಂದು ದೊಡ್ಡ ಕೋನದಲ್ಲಿ ಅಡ್ಡಹಾಯುವುದರಿಂದ ಹಿಡಿದುಕೊಳ್ಳುವುದು ಹೆಚ್ಚೆಂದು ಅವನ ಗಣಿತ. ಇತ್ತ 2000ದಲ್ಲಿ ಪ್ರಕಟವಾದ ಮತ್ತೊಂದು ಸೂಕ್ಷ್ಮದರ್ಶಕ ಪರೀಕ್ಷೆಯಲ್ಲಿ, ಆಫ್ರಿಕಾಮೂಲದವರ ಬಿಗಿಸುರುಳಿಯ ಕೂದಲಿನಲ್ಲಿ ನೂರಕ್ಕೆ ಹತ್ತರಿಂದ ಹದಿನಾರು ಎಳೆಗಳಲ್ಲಿ ಗಂಟುಗಳು ಕಂಡುಬಂದುವು. ಇತರರಲ್ಲಿ ಸಾವಿರಕ್ಕೆ ಒಂದೆರಡು ಮಾತ್ರ. ಇವೆರಡೂ ಪರಸ್ಪರ ವಿರೋಧಿಗಳಲ್ಲ. ಮೊದಲನೆಯವನು ಎಣಿಸಿದುದು ಸಿಕ್ಕು. ಎರಡನೆಯವರು ನೋಡಿದುದು ಗಂಟು. ಕನ್ನಡವು ಎರಡಕ್ಕೂ ಎರಡು ಮಾತನ್ನಿಟ್ಟುಕೊಂಡಿರುವುದು ಇಲ್ಲಿ ಪ್ರಯೋಜನಕ್ಕೆ ಬಂದಿತು. ಗುಂಗುರು ಕೂದಲಿನಲ್ಲಿ ಸಿಕ್ಕು ಸುಮ್ಮಸುಮ್ಮನೆ ಬೀಳುವುದಿಲ್ಲ, ಬಿದ್ದರೆ ಬಿಡುವುದಿಲ್ಲ. ಸುರುಳಿ ಬಿಗಿಯಾದಷ್ಟೂ ಒಂಟಿಯೆಳೆಯ ಗಂಟು ಹೆಚ್ಚು.

ಬಿಗಿಸುರುಳಿಯ ಕೂದಲನ್ನು ನೋಡಲು ನಾವು ಆಫ್ರಿಕಾಖಂಡಕ್ಕೆ ಹೋಗಬೇಕಾಗಿಲ್ಲ. ಶಿವಮೊಗ್ಗೆಯಿಂದ ಸಾಗರ, ಶಿರಸಿಗಳನ್ನು ದಾಟಿದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡು ಸೀಮೆಗಳಲ್ಲಿ ಸಿದ್ದಿಯರಿದ್ದಾರೆ. ಪೂರ್ವಕಾಲದಲ್ಲಿ ದಾಸ್ಯಕ್ಕೆ ಸಿಲುಕಿ ಕಡಲು ದಾಟಿ ಬಂದವರ ಸಂತತಿ. ಉತ್ತರಕನ್ನಡದ ಸಿದ್ದಿಯರನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಅವರಲ್ಲಿ ಕೆಲವರು ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಮ್ ಸಂಸ್ಥೆಯಲ್ಲಿ ನಾಟಕವಿದ್ಯೆಯನ್ನು ಕಲಿತು ರಂಗಭೂಮಿ, ಚಲನಚಿತ್ರಗಳಲ್ಲಿ ಹೆಸರು ಪಡೆದಿದ್ದಾರೆ. ಈ ಜನರ ಕೂದಲನ್ನು ಕುರಿತು ಗಟ್ಟದ ಶಾಲೆಗಳಲ್ಲಿ ಮಕ್ಕಳು ಆಡುವ ಹಾಸ್ಯದ ಮಾತುಗಳನ್ನು ಇಲ್ಲಿ ಉದ್ಧರಿಸುವುದು ಬೇಡ. ಹೇಳಬೇಕಾದುದಿಷ್ಟು: ನೆಟ್ಟನೆಯ ಕೂದಲಿಗೆಂದು ಹುಟ್ಟಿದ ಉಪಚಾರಕ್ರಮವನ್ನು ಎಲ್ಲ ತಲೆಗಳಿಗೂ ವಿಧಿಸಿ, ಅದು ಹೊಂದದಿದ್ದಾಗ ತಲೆಯನ್ನು ದೂರುವುದು ಅನ್ಯಾಯ. ದಿನಕ್ಕೆರಡು ಬಾರಿ ಸಣ್ಣಹಲ್ಲಿನ ಹಣಿಗೆಯಿಂದ ಬಾಚತಕ್ಕದ್ದೆಂಬ ನಿಯಮವು ಈ ಕೂದಲಿಗೆ ನಿಯಮವಲ್ಲ, ಶಿಕ್ಷೆ.

ನೀರಿನ ವಿಷಯದಲ್ಲಿ ಎರಡು ಬಗೆಯ ಕೂದಲಿಗೂ ಧರ್ಮವೇ ಬೇರೆ. ಎಳೆಯ ಆಕಾರವನ್ನು ಹಿಡಿದಿಟ್ಟಿರುವ ಬಂಧಗಳಲ್ಲಿ ಜಲಜನಕದ ಬಂಧಗಳು ಒದ್ದೆಯಾದಾಗ ಸಡಿಲುವುವು, ಒಣಗಿದಾಗ ಮರಳಿ ಕೂಡುವುವು. 1936ರಲ್ಲಿ ಸ್ಥಾಪಿತವಾಗಿ ಈಗ ಕೆಲಸ ನಿಲ್ಲಿಸಿರುವ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಬಿದಿರಿನ ನಾರು ನೀರಿನಲ್ಲಿ ಬಿಡಿಬಿಡಿಯಾಗಿ ತೇಲಿ, ಒಣಗಿದೊಡನೆ ಹಾಳೆಯಾಗಿ ಹಿಡಿದುಕೊಳ್ಳುತ್ತಿದ್ದುದೂ ಈ ಜಾತಿಯ ಬಂಧಗಳಿಂದಲೇ. ಒದ್ದೆಯಾದ ಎಳೆ ಹೆಚ್ಚು ಹಿಗ್ಗುವುದು, ಬೇಗ ಹರಿಯುವುದು. ಆದಕಾರಣ ನೆಟ್ಟನೆಯ ಕೂದಲನ್ನು ಒದ್ದೆಯಲ್ಲಿ ಬಾಚಬಾರದೆಂಬ ಅಜ್ಜಿಯರ ಮಾತು ಸರಿ. ಗುಂಗುರು ಕೂದಲಿನಲ್ಲಾದರೆ ಒದ್ದೆಯಾದಾಗ ಸುರುಳಿಯು ಸಡಿಲಿ ನೀಳವಾಗುವುದರಿಂದ ಎಳೆಗಳ ಪರಸ್ಪರ ಹಿಡಿತ ಕಡಮೆಯಾಗುವುದು. ಒಣಗಿದಾಗ ಬಾಚುವುದಕ್ಕಿಂತ ಒದ್ದೆಯಲ್ಲಿ ಬಾಚುವುದೇ ಸುಲಭವೆಂದು ಪರೀಕ್ಷೆಗಳಿಂದ ತಿಳಿದಿದೆ. ಒಂದೇ ಮನೆಯ ಅಕ್ಕತಂಗಿಯರಲ್ಲಿ ಒಬ್ಬಳಿಗೆ ಹಿತವಾದುದು ಇನ್ನೊಬ್ಬಳಿಗೆ ಅಹಿತವಾಗುವುದು ಹೀಗೆ.

ಆದರೆ ಬರಿಯ ನೀರು ಸಾಲದು. ಜಾರುವ ದ್ರವ್ಯವೊಂದು ಬೇಕು. ಇಲ್ಲಿ ಮಲೆನಾಡಿನ ಸ್ತ್ರೀಯರ ಪರಂಪರಾಗತಜ್ಞಾನವನ್ನು ಹೊಗಳದೆ ಇರಲಾಗದು. ದಾಸವಾಳದ ಎಲೆಯನ್ನೋ ಮತ್ತಿಯ ಸೊಪ್ಪನ್ನೋ ನೀರಿನಲ್ಲಿ ಹಿಸುಕಿ ತೆಗೆದ ಲೋಳೆಗೆ ಗಟ್ಟದ ಮೇಲೂ ಕೆಳಗೂ ಗಂಪು, ಗೊಂಪು ಎಂಬ ಹೆಸರುಗಳುಂಟು. ದೀಪಾವಳಿಯ ಎಣ್ಣೆನೀರಿನ ದಿನ ಇದು ಇಲ್ಲದೆ ನಡೆಯುತ್ತಿರಲಿಲ್ಲ. ಈ ಲೋಳೆಯು ಎಳೆಎಳೆಗೂ ಹತ್ತಿ, ಶಲ್ಕಗಳ ನಡುವಣ ಘರ್ಷಣೆಯನ್ನು ತಗ್ಗಿಸುವುದು. ಪೇಟೆಯಲ್ಲಿ ಸೀಸೆಗಳಲ್ಲಿ ಮಾರುವ ‘ಕಂಡಿಷನರ್’ ಮಾಡುವ ಕೆಲಸವೂ ಮುಖ್ಯವಾಗಿ ಇದೇ. ಸೀಗೆಯ ರಸವು ಸ್ವಲ್ಪ ಹುಳಿಗುಣವುಳ್ಳದ್ದು. ಹುಳಿಯಿಂದ ಶಲ್ಕಗಳು ಅಡಗಿ ಮಲಗುವುವು. ಬಟ್ಟೆಯ ಸಾಬೂನಿನಂಥ ಕ್ಷಾರದ್ರವ್ಯಗಳಿಂದ ಅವು ಎದ್ದುನಿಲ್ಲುವುವು. ಕೊಳವೆಬಾವಿಯ ಗಡಸುನೀರಿನೊಡನೆ ಸಾಬೂನು ಸೇರಿದರೆ ಹುಟ್ಟುವ ಅಂಟು ಗಷ್ಟು ಕೂದಲನ್ನು ಮತ್ತಷ್ಟು ಒರಟು ಮಾಡುವುದು. ತುಂಗೆಯ ನೀರನ್ನು ಬಿಟ್ಟು ಹೊಸ ಬಡಾವಣೆಯ ಕೊಳವೆಬಾವಿಗೆ ಬಂದವರಿಗೆ ಇದರ ಅನುಭವವುಂಟು. ಎಣ್ಣೆಯ ವಿಷಯದಲ್ಲಿ, ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆಯನ್ನು ಹಚ್ಚಿದರೆ ಕೂದಲಿನ ದ್ರವ್ಯನಷ್ಟವು ತಗ್ಗುವುದೆಂದು 2003ರಲ್ಲಿ ರೇಲೆ, ಮೊಹಿಲೆ ಎಂಬ ಸಂಶೋಧಕರು ತೋರಿಸಿದರು. ಸಂಶೋಧಕರು ಎಣ್ಣೆಯ ಉದ್ಯಮಕ್ಕೆ ಸೇರಿದವರೆಂಬುದನ್ನು ಹೇಳಿಬಿಡುವುದು ಒಳ್ಳೆಯದು. ಆದರೂ ಫಲವು ಯುಕ್ತಿಗೆ ಒಪ್ಪುವಂತಿದೆ, ಹಳೆಯ ವಾಡಿಕೆಗೂ ಒಪ್ಪುವಂತಿದೆ.

ಬಾಚುವ ಕ್ರಮ ಹೀಗೆ. ಲೋಳೆ ಹತ್ತಿದ ಒದ್ದೆಗೂದಲನ್ನು ನಾಲ್ಕು ಪಾಲು ಮಾಡಿ, ಒಂದೊಂದನ್ನೇ ಕೈಗೆ ತೆಗೆದುಕೊಳ್ಳತಕ್ಕದ್ದು. ಮೊದಲು ಬೆರಳು, ಆಮೇಲೆ ಅಗಲಹಲ್ಲಿನ ಬಾಚಣಿಗೆ. ತುದಿಯ ನಾಲ್ಕು ಅಂಗುಲವನ್ನು ಮೊದಲು ಬಿಡಿಸಿ, ಅದರ ಮೇಲಿನ ನಾಲ್ಕು ಅಂಗುಲಕ್ಕೆ ಏರಿ, ಹೀಗೆ ಬುಡವನ್ನು ಮುಟ್ಟಬೇಕು. ಬುಡದಿಂದ ಆರಂಭಿಸಿ ಎಳೆದರೆ ದಾರಿಯಲ್ಲಿರುವ ಸಣ್ಣ ಸಿಕ್ಕುಗಳೆಲ್ಲ ಕೆಳಕ್ಕೆ ನೂಕಲ್ಪಟ್ಟು ಒಂದೇ ದೊಡ್ಡ ಗಂಟಾಗುವುವು. ಸಿಕ್ಕಿನ ಮೇಲುಭಾಗವನ್ನು ಎಡಗೈಯಲ್ಲಿ ಬಿಗಿಹಿಡಿದಿದ್ದರೆ ಎಳೆತವು ನೆತ್ತಿಗೆ ತಾಗುವುದಿಲ್ಲ, ಮಗುವು ಅಳುವುದಿಲ್ಲ. ಸೀರಣಿಗೆಯ ಕೆಲಸ ಹೇನು ಸೀರು ತೆಗೆಯುವುದು. ಅದನ್ನು ಸಿಕ್ಕಿಗೆ ಉಪಯೋಗಿಸುವುದು ಉಳಿಯಿಂದ ಬೀಗ ತೆಗೆದಂತೆ. ಒಂಟಿಯೆಳೆಯ ಗಂಟನ್ನು ಎಳೆಯಲೂಬಾರದು, ಬಿಡಿಸುತ್ತ ಕೂರಲೂಬಾರದು. ಗಂಟಿನ ಮೇಲೆಯೇ ಕತ್ತರಿಸಿಬಿಟ್ಟರಾಯಿತು. ಬಿಡಿಸಿದ ಕೂದಲನ್ನು ಒರಟು ಟವಲಿನಿಂದ ಉಜ್ಜದೆ, ಹಳೆಯ ಹತ್ತಿಯ ಪಂಚೆಯಿಂದ ಒತ್ತಿ ನೀರು ತೆಗೆಯುವುದು ಮೇಲು. ಬೇಲೂರಿನ ಮದನಿಕೆಯರಲ್ಲಿ ಮಿಂದು ಬಂದು ಕೂದಲನ್ನು ಹಿಂಡುತ್ತಿರುವವಳೊಬ್ಬಳಿದ್ದಾಳೆ. ಅವಳು ಹಿಂಡುವಳೇ ಹೊರತು ಉಜ್ಜುವುದಿಲ್ಲ.

ಮುಂಗಾರಿನಲ್ಲಿ ಈ ಸೀಮೆಯಲ್ಲಿ ಕೂದಲು ದಿನವೆಲ್ಲ ಆರುವುದಿಲ್ಲ. ಹೊತ್ತಾಯಿತೆಂದು ಒದ್ದೆಯನ್ನೇ ತುರುಬು ಕಟ್ಟಿಕೊಂಡು ಹೋದರೆ ಒಳಗೆ ಮುಗ್ಗುವಾಸನೆಯೂ ಹುಟ್ಟುವುದು, ಸಿಕ್ಕೂ ಬಲಿಯುವುದು. ಅಗ್ಗಿಷ್ಟಿಕೆಯ ದೂರದ ಕಾವಿನಲ್ಲಿ ಆರಿಸುವ ಹಳೆಯ ಪದ್ಧತಿ ನಿರಪಾಯವಾದುದು, ಕಾವು ಹತ್ತಿರವಾಗಕೂಡದು. ರಾತ್ರಿ ಕೂದಲನ್ನು ಬಿಟ್ಟು ಮಲಗಬಾರದೆಂಬ ಹಿರಿಯರ ವಿಧಿಗೆ ಪಿಶಾಚಗಳ ಭಯವನ್ನು ಕಾರಣವಾಗಿ ಹೇಳುವುದುಂಟು; ದಿಂಬಿನ ಮೇಲೆ ಹೊರಳುವಾಗ ಆಗುವ ಘರ್ಷಣೆಯೇ ಸಾಕಾದ ಕಾರಣ. ಸಡಿಲವಾದ ಎರಡು ಹೆರಳು ಹೆಣೆದು, ನುಣುಪಾದ ಬಟ್ಟೆಯನ್ನು ಸುತ್ತಿಕೊಂಡರೆ ಬೆಳಗಿನ ಸಿಕ್ಕು ಅರ್ಧ ತಪ್ಪುವುದು. ಹೆರಳೆಂದರೆ ವಾಸ್ತವವಾಗಿ ಎಳೆಗಳನ್ನು ನಾವು ಹೇಳಿದಂತೆ ಸಿಕ್ಕಿಸಿಡುವುದು, ಅವು ತಮಗೆ ತೋರಿದಂತೆ ಸಿಕ್ಕಿಕೊಳ್ಳದಿರಲೆಂದು.

ಇಷ್ಟನ್ನು ಮಾಡದಿದ್ದರೆ ಏನಾಗುವುದು? ಕಂಬಳಿಯ ಉಣ್ಣೆಯನ್ನು ಬಲ್ಲವರಿಗೆ ಉತ್ತರ ಗೊತ್ತು. ಉಣ್ಣೆಗೆ ಬಿಸಿನೀರೂ ಸಾಬೂನೂ ತಗಲಿಸಿ ಉಜ್ಜಿದರೆ, ಶಲ್ಕಗಳು ಒಂದನ್ನೊಂದು ಕಚ್ಚಿ, ಎಳೆಗಳು ಒಂದೇ ದಿಕ್ಕಿಗೆ ತೆವಳಿ, ಬಿಡಿಸಲಾರದ ದಟ್ಟಣೆಯಾಗುವುದು. ಒಮ್ಮೆ ಮುಂದೆ ಸರಿದ ಎಳೆ ಹಿಂದೆ ಬರಲಾರದು; ಶಲ್ಕಗಳು ಬಿಡುವುದಿಲ್ಲ. ಮನುಷ್ಯರ ಕೂದಲಿಗೂ ಇದು ಸಂಭವಿಸುವುದು. ಉದ್ದಗೂದಲನ್ನು ನೆತ್ತಿಯ ಮೇಲೆ ಗು‌ಡ್ಡೆ ಹಾಕಿ ಬಿಸಿನೀರಿನಲ್ಲಿ ಸುತ್ತಿಸುತ್ತಿ ತಿಕ್ಕಿದರೆ, ಒಂದೇ ಸ್ನಾನದಲ್ಲಿ, ಅರ್ಧ ಗಂಟೆಯೊಳಗಾಗಿ, ಕೂದಲೆಲ್ಲ ಹಕ್ಕಿಯ ಗೂಡಿನಂತಾದ ಸಂದರ್ಭಗಳನ್ನು ವೈದ್ಯರು ದಾಖಲೆಮಾಡಿದ್ದಾರೆ. ಜ್ವರದಲ್ಲಿ ವಾರಗಟ್ಟಲೆ ಮಲಗಿದವರಿಗೆ, ಬಾಣಂತಿಯರಿಗೆ, ಹೇನು ಕಜ್ಜಿಗಳಿಂದ ನೆತ್ತಿ ರಸಿಗೆಯಾದ ಮಕ್ಕಳಿಗೆ ಅದೇ ಸ್ಥಿತಿಯು ಮೆಲ್ಲಮೆಲ್ಲನೆ ಒದಗುವುದು. ನಿನ್ನೆ ಇರಲಿಲ್ಲ, ಇಂದು ಬಂದಿದೆ ಎಂಬ ಆಕಸ್ಮಿಕತೆಯೇ ಜನರನ್ನು ಬೆರಗುಗೊಳಿಸಿದುದು.

ಈ ಬೆರಗಿನಿಂದಲೇ ‘ಜಡೆ ಬಂತು’ ಎಂಬ ಮೂರನೆಯ ಪ್ರಯೋಗವು ಹುಟ್ಟಿತೆಂದು ನಾವು ಭಾವಿಸುತ್ತೇವೆ. ಸವದತ್ತಿಯ ಎಲ್ಲಮ್ಮನನ್ನೂ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯನ್ನೂ ಭಕ್ತರು ಒಬ್ಬಳೇ ತಾಯಿಯೆಂದು ಭಜಿಸುವರು. ಎಲ್ಲಮ್ಮನ ಒಕ್ಕಲಿನಲ್ಲಿ ಹುಡುಗಿಯ ತಲೆಯಲ್ಲಿ ಜಡೆ ಕಾಣಿಸಿದರೆ ಅದು ದೇವಿಯ ಕರೆಯೆಂದು ತಿಳಿಯುವ ರೂಢಿಯಿತ್ತು. ಅದನ್ನು ಬಾಚಬಾರದು, ಕತ್ತರಿಸಬಾರದು. ಅರಿಸಿನ ಹಚ್ಚಿ ಪೂಜಿಸಬೇಕು. ಹುಡುಗಿಯನ್ನು ದೇವಿಗೆ ಬಿಡಬೇಕು. ಬಿಟ್ಟಮೇಲೆ ಅವಳಿಗೆ ಮದುವೆಯಿಲ್ಲ. ಜೋಗತಿಯಾಗಿ, ಬಸವಿಯಾಗಿ ಅವಳು ಪಟ್ಟ ಪಾಡನ್ನು ವಿವರಿಸಬೇಕಾಗಿಲ್ಲ. ಮುಂಬಯಿ ಆಧಿಪತ್ಯದಲ್ಲಿ 1934ರಲ್ಲಿಯೂ ಕರ್ನಾಟಕ ರಾಜ್ಯದಲ್ಲಿ 1982ರಲ್ಲಿಯೂ ಈ ಸಮರ್ಪಣೆಯನ್ನು ನಿಷೇಧಿಸಿ ಶಾಸನಗಳಾದುವು. ಚಂದ್ರಗುತ್ತಿಯಲ್ಲಿ ನಡೆಯುತ್ತಿದ್ದ ಬೆತ್ತಲೆಸೇವೆಯು 1986ರ ಘರ್ಷಣೆಯ ತರುವಾಯ ನಿಷಿದ್ಧವಾಯಿತು. ಅದು ಬೇರೆಯ ಆಚರಣೆ. ಜಡೆಯ ನಂಬಿಕೆಯಾದರೋ ಯಾವ ಜಾತ್ರೆಗೂ ಕಟ್ಟುಬಿದ್ದುದಲ್ಲ; ಮನೆಯೊಳಗೆ, ಬಚ್ಚಲಿನಲ್ಲಿ ಹುಟ್ಟುವುದು. ಆದುದರಿಂದ ಕಾಯಿದೆಯ ಕೈ ಅಲ್ಲಿಗೆ ಸುಲಭವಾಗಿ ಎಟುಕುವುದಿಲ್ಲ. ನೆರೆಯ ಮಹಾರಾಷ್ಟ್ರದಲ್ಲಿ 1989ರಲ್ಲಿ ಸ್ಥಾಪಿತವಾದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಮಾತಿನಿಂದ ಒಪ್ಪಿಸಿ, ಜಡೆಗಳನ್ನು ಕತ್ತರಿಸುವ ಕೆಲಸವನ್ನು ನಡೆಸಿಕೊಂಡು ಬಂದಿದ್ದಾರೆ.

ಇದು ನಮ್ಮ ದೇಶಕ್ಕೇ ವಿಶಿಷ್ಟವಾದ ಮೌಢ್ಯವೆಂದು ತಲೆತಗ್ಗಿಸಬೇಕಾದುದಿಲ್ಲ. ಪೋಲೆಂಡ್ ದೇಶದಲ್ಲಿ ಇದಕ್ಕೆ ಕೋಲ್ತೂನ್ ಎಂಬ ಹೆಸರಿತ್ತು. ದೇಹದೊಳಗಿನ ರೋಗವು ಕೂದಲಿಗೆ ಇಳಿದು ಜಡೆಯಾಗಿದೆ, ಕತ್ತರಿಸಿದರೆ ಒಳಕ್ಕೆ ತಿರುಗಿ ಕುರುಡನ್ನೋ ಹುಚ್ಚನ್ನೋ ತರುವುದೆಂದು ಅಲ್ಲಿನವರು ನಂಬಿದ್ದರು. ವೈದ್ಯಗ್ರಂಥಗಳೂ ಇದನ್ನು ವ್ಯಾಧಿಯೆಂದೇ ಪರಿಗಣಿಸಿ ಲ್ಯಾಟಿನ್ ಹೆಸರು ಕೊಟ್ಟುವು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಾಕೋ ನಗರದ ವೈದ್ಯ ಯೂಜೆಫ್ ದೀಟಲ್ ಎಂಬಾತನು ಇದು ರೋಗವಲ್ಲ, ಬಾಚದಿರುವುದರ ಫಲ ಎಂದು ಸಾಧಿಸಲು ಬಹಳ ಶ್ರಮಪಟ್ಟನು. ಅಲ್ಲಿ ರೋಗ, ಇಲ್ಲಿ ದೇವತೆ. ಕತ್ತರಿಯ ಭಯ ಮಾತ್ರ ಒಂದೇ.

ಆಕ್ಷೇಪವೊಂದನ್ನು ನಿರೀಕ್ಷಿಸಬಹುದು. ಸಿಂಹಳದ ಕತರಗಾಮದ ಜಟಾಧಾರಿಣಿಯರನ್ನು ಕುರಿತು ಗಣನಾಥ ಒಬೆಯಸೇಕರರು 1981ರಲ್ಲಿ ಪ್ರಕಟಿಸಿದ ಗ್ರಂಥವನ್ನು ಓದಿದವರು, ಆ ಸ್ತ್ರೀಯರಿಗೆ ಜಡೆಯು ಅವರ ದುಃಖಕ್ಕೂ ಭಕ್ತಿಗೂ ಸಾಕಾರವಾದ ಚಿಹ್ನೆ, ಅದನ್ನು ಬರಿಯ ಸಿಕ್ಕೆನ್ನುವುದು ಒರಟುತನ ಎಂದಾರು. ಒಪ್ಪತಕ್ಕ ಮಾತೇ. ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಹುಟ್ಟಿದ ಮಹಾದೇವಿಯಕ್ಕನು ಉಟ್ಟುದನ್ನು ತೊರೆದು ಕೂದಲನ್ನೇ ಹೊದ್ದು ನಡೆದಳೆಂದು ಪರಂಪರೆ ಹೇಳುವುದು. ಅದನ್ನು ಕುರಿತು ಅಲ್ಲಮನು ಕೇಳಿದ ಪ್ರಶ್ನೆಯೂ ಅವಳಿತ್ತ ಉತ್ತರವೂ ಶೂನ್ಯಸಂಪಾದನೆಯನ್ನು ಬಲ್ಲವರಿಗೆ ತಿಳಿದೇ ಇದೆ. ಅಲ್ಲಿ ಕೇಳಿದವರಿಗೆ ಅವಳೇ ಉತ್ತರ ಕೊಟ್ಟಳು. ಎಂಟು ವರ್ಷದ ಹುಡುಗಿಯ ತಲೆಯ ಸಿಕ್ಕಿಗೆ ಅರ್ಥವನ್ನು ಕೊಡುವವರು ಬೇರೆಯವರು. ಹುಡುಗಿಯನ್ನು ಯಾರೂ ಕೇಳುವುದಿಲ್ಲ.

ಜಡೆಗಟ್ಟಿದುದನ್ನು ಬಿಡಿಸುವುದು ಸಾಧ್ಯವೇ ಎಂದರೆ, ಬಹುಮಟ್ಟಿಗೆ ಸಾಧ್ಯ. ಕೊಪ್ಪಳದ ಬಳಿಯ ಭಾಗ್ಯನಗರದಲ್ಲಿ ಮನೆಮನೆಗಳಿಂದ ಕೊಂಡು ತಂದ ಉದುರುಗೂದಲಿನ ಉಂಡೆಗಳನ್ನು ಬಿಡಿಸಿ ಕಟ್ಟುಮಾಡುವುದೇ ಅನೇಕ ಸ್ತ್ರೀಯರ ಜೀವನೋಪಾಯ. ಬಾಚಿ ಎಸೆದ ಉಂಡೆಯಲ್ಲಿ ಬುಡ ತುದಿಗಳು ಅತ್ತಿತ್ತ ಬೆರೆತು ಶಲ್ಕಗಳು ಎದುರುಬದುರಾಗಿರುವುದರಿಂದ, ತಲೆಯ ಮೇಲಿನ ಸಿಕ್ಕಿಗಿಂತ ಅದು ಹೆಚ್ಚು ಕಠಿನ. ಆದರೂ ಬೆರಳು, ಸೂಜಿ, ತಾಳ್ಮೆಗಳಿಗೆ ಅದು ಮಣಿಯುವುದು. ತಲೆಯ ಮೇಲಿನ ಜಡೆಗೆ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಕುಡಿಸಿ ಒಂದು ರಾತ್ರಿ ಬಿಟ್ಟು, ಮಾರನೆಯ ದಿನ ಗಂಪನ್ನು ಹಚ್ಚಿ, ಅಂಚಿನಿಂದ ನಾಲ್ಕಾರು ಎಳೆಗಳಂತೆ ಬೆರಳಿನಿಂದಲೂ ದಪ್ಪ ಸೂಜಿಯ ಮೊಂಡುತುದಿಯಿಂದಲೂ ಬಿಡಿಸುತ್ತ ಬರಬೇಕು. ನಡುವೆ ಗಟ್ಟಿಯಾಗಿದ್ದರೆ ಕತ್ತರಿಯನ್ನು ಅಡ್ಡಕ್ಕೆ ಹಾಕದೆ ಉದ್ದಕ್ಕೆ ಸೀಳಿ, ಜಡೆಯನ್ನು ಎರಡು ಮೂರು ಪಾಲು ಮಾಡಿಕೊಂಡರೆ ಹೆಚ್ಚು ಕೂದಲು ಉಳಿಯುವುದು. ನೆತ್ತಿಯಲ್ಲಿ ಹುಣ್ಣು, ಹೇನುಗಳಿದ್ದರೆ ಮೊದಲು ಅವುಗಳ ಚಿಕಿತ್ಸೆ. ವರ್ಷಗಟ್ಟಲೆ ಹಳೆಯದಾಗಿ ಹಲಗೆಯಂತಾದುದನ್ನು ಬಿಡಿಸುವೆನೆಂದು ಹುಡುಗಿಯನ್ನು ನೋಯಿಸುವುದಕ್ಕಿಂತ ಬುಡದಲ್ಲಿ ಕತ್ತರಿಸುವುದೇ ಒಳ್ಳೆಯದು. ಕತ್ತರಿಸಿದ ಕೂದಲು ವರ್ಷಕ್ಕೆ ಸುಮಾರು ಅರ್ಧ ಅಡಿಯಂತೆ ಮರಳಿ ಬೆಳೆಯುವುದು. ಎರಡು ದೀಪಾವಳಿಗಳು ಕಳೆಯುವಷ್ಟರಲ್ಲಿ ಹೆಣೆಯಲು ಸಾಕಾಗುವುದು.